ಅವ್ವನ ನಿಧನ ವಾರ್ತೆಯಲ್ಲಿ ಅವ್ವನ ಕೆಲಸ

ಮೈಸೂರು ಕಡೆಯ ಯಾವ ಕನ್ನಡ ಪತ್ರಿಕೆ ಬಿಡಿಸಿದರೂ ಒಳಪುಟದಲ್ಲಿ 'ನಿಧನ' ಅಂತ ಒಂದು ಅಂಕಣ ಕಾಣುತ್ತದೆ. ಗಂಡಸರು ತೀರಿಕೊಂಡಿದ್ದರೆ ನಿವೃತ್ತ ಶಿಕ್ಷಕರು, ಸಾರಿಗೆ ಸಂಸ್ಥೆಯ ಚಾಲಕರು, ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಇದ್ಯಾವುದೂ ಅಲ್ಲದಿದ್ದರೆ ಪ್ರಗತಿಪರ ರೈತರು ಅಂತ ಹಾಕಿರುತ್ತಾರೆ. ಹೆಂಗಸರು ತೀರಿಕೊಂಡಿದ್ದರೆ ಇಂಥವರ ಪತ್ನಿ, ಇಂಥವರ ತಾಯಿ ಅಂತ. ಅಷ್ಟೇ. ನಮ್ಮಪ್ಪ ಪೇಪರ್ ಕೈಗೆ ಬಂದ ಕೂಡಲೇ ನೋಡುವುದೇ ಆ ಪುಟ, ಹಾಗಾಗಿ ನಾನೂ ಚಿಕ್ಕಂದಿನಿಂದ ಅದನ್ನು ಓದಿಕೊಂಡೇ ಬೆಳೆದವಳು. ಹೋದ ವರ್ಷ ಅವ್ವ ತೀರಿಕೊಂಡಳು. ಆ ಅಂಕಣಕ್ಕೆ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಅದನ್ನು ಬರೆದದ್ದು ಹೇಗೆ, ಛಾಪಿಸಿದ್ದು ಹೇಗೆ ಅಂತ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದಲ್ಲ ಒಂದು ದಿನ ಯಾರಾದರೂ ಇದನ್ನು ಬರೆಯಲೇಬೇಕಾಗುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ತಲೆ ಓಡುವುದಿಲ್ಲ. ಎಲ್ಲರೂ ಪಕ್ಕದ ಮನೆಯವರು ಹಾಕಿಸಿದ್ದನ್ನೇ ನೋಡಿ ಹೆಸರು ಬದಲಾಯಿಸುತ್ತಾರೆ.

ನಮ್ಮವ್ವ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ದೇಶದಲ್ಲಿ ಅಂಗನವಾಡಿಗಳು ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ಮೊದಲು ಪ್ರಯೋಗಕ್ಕೆ ಅಂತ 33 ಕಡೆ ಮಾತ್ರ. ಕರ್ನಾಟಕದಲ್ಲಿ ಆಗ ಆರಿಸಿದ್ದು ನಮ್ಮ ಟಿ. ನರಸೀಪುರವನ್ನೇ. ಕಾವೇರಿ ಕಪಿಲೆ ಸೇರುವ ಊರು, ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಊರು ಅಂತ ಎಲ್ಲರಿಗೂ ಗೊತ್ತು. ರಾಜ್ಯದ ಅಂಗನವಾಡಿಗಳ ತವರು ಅನ್ನೋದು ಮಾತ್ರ ನಮ್ಮೂರ ಎಷ್ಟೋ ಜನಕ್ಕೇ ಗೊತ್ತಿಲ್ಲ. ಅವ್ವ ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಈ ಊರಿಗೆ ಬಂದವಳು. ಊರಲ್ಲಿ ಅಷ್ಟು ಓದಿದ ಹೆಂಗಸು ಇನ್ನೊಬ್ಬರಿರಲಿಲ್ಲ, ಅದಕ್ಕೇ ಅವಳನ್ನು ಕರೆದು ಕೆಲಸ ಕೊಟ್ಟರು. ಆಗ ಕೇಂದ್ರಕ್ಕೆ ಕಟ್ಟಡ ಇರಲಿಲ್ಲ. ಮಾರಮ್ಮನ ಗುಡಿ ಜಗಲಿಯ ಮೇಲೆ ನಡೆಯುತ್ತಿತ್ತು.

ಮಕ್ಕಳಿಗೆ ಹಾಡು ಹೇಳಿಕೊಟ್ಟು ಊಟ ಹಾಕಿ ಕಳಿಸುವುದು ಅಂತ ಹೊರಗಿನವರು ತಿಳಿದುಕೊಂಡಿದ್ದಾರೆ. ಅವ್ವ ಮಾಡಿದ್ದು ಅದೊಂದೇ ಅಲ್ಲ. ಆರು ವರ್ಷದೊಳಗಿನ ಮಕ್ಕಳನ್ನು ಆಗಾಗ ತಕ್ಕಡಿಗೆ ತೂಗುಹಾಕಿ ತೂಕ ಬರೆಯಬೇಕು. ಬಸುರಿಯರ ಲೆಕ್ಕ, ಬಾಣಂತಿಯರ ಲೆಕ್ಕ, ಹುಟ್ಟು ಸಾವಿನ ಲೆಕ್ಕ ಇಡಬೇಕು. ಚುಚ್ಚುಮದ್ದಿನ ದಿನ ನರ್ಸಮ್ಮ ಬರುವ ಹೊತ್ತಿಗೆ ಮಕ್ಕಳನ್ನು ಸೇರಿಸಿರಬೇಕು. 1995ರಲ್ಲಿ ಪಲ್ಸ್ ಪೋಲಿಯೊ ಬಂದ ಮೇಲೆ ಭಾನುವಾರವೂ ಇಲ್ಲ, ಬೂತಿಗೆ ಬರದವರ ಮನೆ ಮನೆಗೆ ಹೋಗಿ ಹನಿ ಹಾಕಿ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿ ಬರುತ್ತಿದ್ದಳು. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಟೀವಿಯಲ್ಲಿ ಬಂದಾಗ ಅವ್ವ ಅಪ್ಪನನ್ನು ಕರೆದು ಕೂರಿಸಿ ಆ ಸುದ್ದಿ ತೋರಿಸಿದಳು. ಈ ನಡುವೆ ಹೆಂಗಸರು ಉಳಿತಾಯ ಮಾಡುವ ಸ್ತ್ರೀಶಕ್ತಿ ಸಂಘ ಬಂತು, ಹೆಣ್ಣುಮಕ್ಕಳ ಹೆಸರಿನ ಭಾಗ್ಯಲಕ್ಷ್ಮಿ ಬಾಂಡ್ ಬಂತು, 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ, 2017ರಲ್ಲಿ ಬಸುರಿ ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ. ಬೆಂಗಳೂರಲ್ಲಿ ಯಾವ ಯೋಜನೆ ಘೋಷಣೆಯಾದರೂ ಹಳ್ಳಿಯಲ್ಲಿ ಅದರ ಅರ್ಜಿ ತುಂಬಿಸುವವಳು ಅಂಗನವಾಡಿ ಟೀಚರ್. ಇಷ್ಟಕ್ಕೆ ಕೊಡುವುದನ್ನು ಸರ್ಕಾರ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತದೆ. ಇವರಿಗೂ ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅವ್ವ ನಿವೃತ್ತಿಯಾಗಿ ವರ್ಷಗಳಾಗಿದ್ದವು.

ಇಷ್ಟು ಕೆಲಸ ಮಾಡಿದವಳ ಬಗ್ಗೆ ಪೇಪರಿನಲ್ಲಿ ಏನು ಬರಬೇಕು ಹೇಳಿ.

ಸಾವಿನ ಮನೆಯಲ್ಲಿ ಮೊದಲು ಹೋಗುವುದು ವಾಟ್ಸ್‌ಆ್ಯಪ್ ಮೆಸೇಜು. ಅಣ್ಣ ರಾತ್ರಿಯೇ ಎಲ್ಲ ಗುಂಪುಗಳಿಗೆ ಹಾಕಿದ. ಬೆಳಗ್ಗೆ ಹುಡುಗರು ಫ್ಲೆಕ್ಸ್ ಮಾಡಿಸಿ ಬೀದಿ ತುದಿಯಲ್ಲಿ ನಿಲ್ಲಿಸಿದರು, ಭಾವಪೂರ್ಣ ಶ್ರದ್ಧಾಂಜಲಿ ಅಂತ. ಪೇಪರಿಗೆ ಯಾಕೆ ಇನ್ನು ಅಂತ ಒಬ್ಬಿಬ್ಬರು ಕೇಳಿದರು. ನನಗೆ ಪೇಪರ್ ಬೇಕೇ ಬೇಕಿತ್ತು. ಮೆಸೇಜು ಹೋಗುವುದು ನಮ್ಮ ಫೋನಿನಲ್ಲಿ ನಂಬರ್ ಇರುವವರಿಗೆ. ಅವ್ವ ತೂಕ ನೋಡಿದ ಮಕ್ಕಳು ಇವತ್ತು ಎಲ್ಲೆಲ್ಲೋ ಇದ್ದಾರೆ, ನಮ್ಮ ಹತ್ತಿರ ಅವರ ನಂಬರ್ ಎಲ್ಲಿದೆ? ಟೀ ಅಂಗಡಿಯಲ್ಲೋ ಕಟಿಂಗ್ ಶಾಪಿನಲ್ಲೋ ಪೇಪರ್ ಮಗುಚುವಾಗ ಅವರ ಕಣ್ಣಿಗೆ ಬೀಳಬೇಕು ಅನ್ನೋದು ನನ್ನ ಆಸೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಪೇಪರಿನಲ್ಲಿ ಬರುವುದು ಎರಡು ಥರ. ಒಂದು ನಿಧನ ವಾರ್ತೆ, ಅದು ಸುದ್ದಿ, ಅದಕ್ಕೆ ದುಡ್ಡಿಲ್ಲ. ತಾಲ್ಲೂಕಿನ ವರದಿಗಾರರಿಗೆ ವಿವರ ಮತ್ತು ಫೋಟೋ ಕಳಿಸಿದರೆ ಅವರು ಕಚೇರಿಗೆ ಕಳಿಸುತ್ತಾರೆ, ಅವತ್ತು ಜಾಗ ಇದ್ದರೆ ಬರುತ್ತದೆ, ಎಷ್ಟು ಸಾಲು ಅನ್ನೋದು ಅವರ ಕೈಲಿರುತ್ತದೆ. ಇನ್ನೊಂದು ಶ್ರದ್ಧಾಂಜಲಿ ಜಾಹೀರಾತು. ಕಪ್ಪು ಚೌಕಟ್ಟು, ಫೋಟೋ, ಕೆಳಗೆ ದುಃಖತಪ್ತ ಕುಟುಂಬ ವರ್ಗ ಅಂತ ಇರುತ್ತದಲ್ಲ, ಅದು. ಅದಕ್ಕೆ ದುಡ್ಡು ಕಟ್ಟಬೇಕು. ಅಳತೆಗೆ ಇಷ್ಟು ಅಂತ ದರ, ಮೇಲೆ ಶೇ 5ರಷ್ಟು ಜಿಎಸ್‌ಟಿ. ಎಲ್ಲ ಆವೃತ್ತಿಗೂ ಹಾಕಿಸಿದರೆ ಬಿಲ್ಲು ಸಿಕ್ಕಾಪಟ್ಟೆ ಏರುತ್ತದೆ. ನಿಮ್ಮ ಬಂಧು ಬಳಗ ಇರುವ ಜಿಲ್ಲೆಯ ಆವೃತ್ತಿ ಒಂದೇ ಸಾಕು ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ನಾವು ವಾರ್ತೆಯನ್ನು ಎರಡು ಪತ್ರಿಕೆಗಳಿಗೆ ಕಳಿಸಿದೆವು, ಜಾಹೀರಾತನ್ನು ತಿಥಿಗೆ ಮೊದಲು ಒಂದಕ್ಕೆ ಮಾತ್ರ ಕೊಟ್ಟೆವು.

ವಾರ್ತೆ ಬೇಗ ಹೋಗಬೇಕು. ಮಣ್ಣು ಮಾಡಿ ಬಂದ ಮಧ್ಯಾಹ್ನವೇ ನಾನು ಒಳಕೋಣೆಯಲ್ಲಿ ಕುಳಿತು ಬರೆಯತೊಡಗಿದೆ. ಚಿಕ್ಕಪ್ಪ ಬಂದು ನೋಡಿದರು.

"ಏ ಮಗಾ, ಅದೆಲ್ಲ ಯಾಕವ್ವ? ನಿಮ್ಮಪ್ಪನ ಹೆಸ್ರು ಮೊದ್ಲು ಹಾಕು. ಆಮೇಲೆ ಮಕ್ಳು, ಅಳಿಯಂದ್ರು, ಮೊಮ್ಮಕ್ಳು. ಬೀಗರ ಹೆಸ್ರು ಬುಟ್ರೆ ಬೇಜಾರು ಮಾಡ್ಕತಾರೆ."

"ಹೆಸರೆಲ್ಲ ತಿಥಿ ಕಾರ್ಡಲ್ಲಿ ಹಾಕ್ಸಾಣ ಚಿಕ್ಕಪ್ಪ. ಪೇಪರಲ್ಲಿ ಇರೋದೇ ನಾಲ್ಕು ಸಾಲು. ಅವ್ವ ಏನು ಕೆಲ್ಸ ಮಾಡಿದ್ಲು ಅಂತ ಬರೀತೀನಿ."

ಅವರಿಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಹೆಂಗಸರ ಸಾವಿನ ಸುದ್ದಿಯಲ್ಲಿ ಗಂಡನ ಹೆಸರು ಹಿಂದಕ್ಕೆ ಹೋದರೆ ಮನೆತನಕ್ಕೆ ಕಮ್ಮಿ ಅನ್ನೋದು ಅವರ ಲೆಕ್ಕ. ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಅಪ್ಪ ಅಲ್ಲಿಂದಲೇ ಹೇಳಿದರು. "ಅವ್ಳು ನಲವತ್ತು ವರ್ಷ ಮಕ್ಳ ತೂಕ ನೋಡವ್ಳೆ. ಅದು ಬರ್ಬೇಕು ಕನಪ್ಪ. ನನ್ ಹೆಸ್ರು ಯಾವನಿಗೆ ಬೇಕು?" ಆಮೇಲೆ ಯಾರೂ ಏನೂ ಅನ್ನಲಿಲ್ಲ.

ಬರೆಯುವುದಕ್ಕೆ ಕೂತರೆ ಗೊತ್ತಿದೆ ಅಂದುಕೊಂಡಿದ್ದು ಎಷ್ಟೋ ಗೊತ್ತಿರುವುದಿಲ್ಲ. ಅವ್ವ ಯಾವ ವರ್ಷ ಕೆಲಸಕ್ಕೆ ಸೇರಿದಳು? ಅಪ್ಪ ಒಂದು ಹೇಳಿದರು, ಅತ್ತೆ ಇನ್ನೊಂದು ಹೇಳಿದರು. ಟ್ರಂಕಿನಲ್ಲಿ ನೇಮಕಾತಿ ಆದೇಶದ ಪ್ರತಿ ಸಿಕ್ಕಿತು, 1979 ಅಂತ ಇತ್ತು. ವಯಸ್ಸಂತೂ ಎಲ್ಲ ಮನೆಯಲ್ಲೂ ತೊಡಕು. ನಮ್ಮ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತಲೇ ಇರುತ್ತದೆ, ಇಲ್ಲವೇ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದು. ಇಲಾಖೆಯ ದಾಖಲೆ ನೋಡಿ 68 ಅಂತ ಹಾಕಿದೆ, ಹುಟ್ಟಿದ ತಾರೀಖು ಹಾಕಲಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಪೂರ್ತಿ ಜನ್ಮ ದಿನಾಂಕ, ಮನೆ ನಂಬರ್, ಬೀದಿ ಹೆಸರು ಇವೆಲ್ಲ ಪೇಪರಿನಲ್ಲಿ ಬರುವುದು ಒಳ್ಳೆಯದಲ್ಲ. ಸತ್ತವರ ಹೆಸರಲ್ಲಿ ಮೋಸ ಮಾಡುವವರಿದ್ದಾರೆ. ತಿಥಿ ಛತ್ರದಲ್ಲಿ ಅಂತ ಹಾಕಿದರೆ ಆ ಹೊತ್ತಿಗೆ ಮನೆ ಖಾಲಿ ಇರುತ್ತದೆ ಅಂತಲೂ ಗೊತ್ತಾಗುತ್ತದೆ. ಒಬ್ಬರ ಫೋನ್ ನಂಬರ್ ಸಾಕು, ಅದೂ ಜಾಹೀರಾತಿನಲ್ಲಿ ಮಾತ್ರ.

ಅವ್ವನ ಜೊತೆ ಕೆಲಸ ಮಾಡಿದ ನಿವೃತ್ತ ಸೂಪರ್‌ವೈಸರ್ ಒಬ್ಬರಿಗೆ ಫೋನ್ ಮಾಡಿದೆ. ಅತ್ತುಕೊಂಡೇ ಮಾತಾಡಿದರು, ಆದರೆ ನನಗೆ ಬೇಕಾದ್ದನ್ನೆಲ್ಲ ಅವರೇ ಕೊಟ್ಟರು. ಊರಿನ ಮೊದಲ ಸ್ತ್ರೀಶಕ್ತಿ ಸಂಘ ಅವ್ವ ಕಟ್ಟಿದ್ದು ಅಂತ ನನಗೆ ಗೊತ್ತಿತ್ತು. ಗುಡಿ ಜಗಲಿ ಬಿಡಿಸಿ ಅಂಗನವಾಡಿಗೆ ಸ್ವಂತ ಕಟ್ಟಡ ಆಗಲಿ ಅಂತ ಅವ್ವ ಪಂಚಾಯಿತಿಗೆ ಅಲೆದಳು, ಕೊನೆಗೆ ಊರಿನವರೊಬ್ಬರನ್ನು ಒಪ್ಪಿಸಿ ಜಾಗ ಬಿಡಿಸಿಕೊಂಡಳು ಅನ್ನೋದು ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಹೇಳಿಯೇ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಬರೆಯುವ ಮೊದಲು ಮನೆಯ ಹೊರಗಿನ ಒಬ್ಬರಿಗಾದರೂ ಫೋನ್ ಮಾಡಿ. ಮನೆಯವರಿಗೆ ಗೊತ್ತಿರುವುದು ಮನೆಯೊಳಗಿನ ಅವ್ವ.

ನಾನು ಕಳಿಸಿದ್ದು ಇದು, ಹೆಸರು ಮತ್ತು ಊರು ಮಾತ್ರ ಇಲ್ಲಿ ಬಿಟ್ಟಿದ್ದೇನೆ:

"ಟಿ. ನರಸೀಪುರ: ತಾಲ್ಲೂಕಿನ ನಿವೃತ್ತ ಅಂಗನವಾಡಿ ಶಿಕ್ಷಕಿ (68) ಹೃದಯ ಸಂಬಂಧಿ ಕಾಯಿಲೆಯಿಂದ ಮಂಗಳವಾರ ನಿಧನರಾದರು. 1979ರಲ್ಲಿ ಗ್ರಾಮದ ಅಂಗನವಾಡಿ ಕೇಂದ್ರಕ್ಕೆ ಸೇರಿದ ಅವರು 2017ರವರೆಗೆ ಅಲ್ಲಿಯೇ ಕೆಲಸ ಮಾಡಿದರು. ಕೇಂದ್ರಕ್ಕೆ ಸ್ವಂತ ಕಟ್ಟಡ ಆಗಲು ಶ್ರಮಿಸಿದರು. ಗ್ರಾಮದ ಮೊದಲ ಸ್ತ್ರೀಶಕ್ತಿ ಸಂಘ ಕಟ್ಟಿದರು. ಮೃತರಿಗೆ ಪತಿ, ಒಬ್ಬ ಪುತ್ರ, ಇಬ್ಬರು ಪುತ್ರಿಯರು ಇದ್ದಾರೆ. ಅಂತ್ಯಕ್ರಿಯೆ ಸ್ವಗ್ರಾಮದ ಅವರ ಜಮೀನಿನಲ್ಲಿ ಬುಧವಾರ ನೆರವೇರಿತು."

ಇದರಲ್ಲಿ ಹೊಗಳಿಕೆ ಒಂದೂ ಇಲ್ಲ ಗಮನಿಸಿ. ಸರಳ ಸಜ್ಜನಿಕೆಯ, ಅಪಾರ ಬಂಧು ಬಳಗದ, ಇಂಥ ಮಾತುಗಳನ್ನು ವರದಿಗಾರರು ಮೊದಲು ಕತ್ತರಿಸುತ್ತಾರೆ, ಎಲ್ಲರಿಗೂ ಅದನ್ನೇ ಬರೆದಿರುತ್ತಾರಲ್ಲ. ವರ್ಷ, ಜಾಗ, ಮಾಡಿದ ಕೆಲಸ ಬರೆದರೆ ಉಳಿಯುವ ಸಾಧ್ಯತೆ ಜಾಸ್ತಿ. ಮುಖ್ಯವಾದ್ದನ್ನು ಮೊದಲ ಎರಡು ಸಾಲಿನಲ್ಲೇ ಇಡಿ, ಯಾಕೆಂದರೆ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿ ಬೀಳುತ್ತದೆ.

ಹೀಗೆ ಬರೆದರೂ ಒಂದು ಪತ್ರಿಕೆಯಲ್ಲಿ ಅಪ್ಪನ ಹೆಸರು ಹಾಕಿ, ಅವರ ಪತ್ನಿ ನಿಧನರಾದರು, ಅಂತ್ಯಕ್ರಿಯೆ ನಡೆಯಿತು ಅಂತ ಎರಡೇ ಸಾಲು ಬಂತು. ಕೆಲಸದ ಮಾತೇ ಇಲ್ಲ. ನಾನು ಅಪ್ಪನ ಹೆಸರನ್ನೇ ಬರೆದಿರಲಿಲ್ಲ, ಅದನ್ನು ಯಾರನ್ನೋ ಕೇಳಿ ತಿಳಿದುಕೊಂಡು ಹಾಕಿದ್ದರು. ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇನ್ನೊಂದು ಪತ್ರಿಕೆಯಲ್ಲಿ ನಾನು ಕಳಿಸಿದ ಹಾಗೆಯೇ ಬಂತು, ಒಂದಕ್ಷರ ಬಿಡದೆ. ಆ ವರದಿಗಾರರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ನಮ್ಮ ಊರಿನ ಟೀಚರಮ್ಮನನ್ನು ಅವರಿಗೂ ಗೊತ್ತಿತ್ತಂತೆ, ಸಂಘದ ಸಭೆಗೆ ವರದಿ ಮಾಡಲು ಬಂದಿದ್ದರಂತೆ.

ಇನ್ನು ಫೋಟೋ. ಇದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಹಳ್ಳಿಯ ಹೆಂಗಸಿನ ಒಂಟಿ ಫೋಟೋ ಸಿಗುವುದೇ ಕಷ್ಟ. ಮದುವೆ ಆಲ್ಬಮ್ಮಿನಲ್ಲಿ ಎಲ್ಲರ ಹಿಂದೆ ನಿಂತಿರುತ್ತಾರೆ, ಇಲ್ಲವೇ ಮಗುವನ್ನು ಎತ್ತಿಕೊಂಡಿರುತ್ತಾರೆ. ಅಕ್ಕ ರೇಷ್ಮೆ ಸೀರೆಯ ಫೋಟೋ ಹಾಕೋಣ ಅಂದಳು. ಸ್ಟುಡಿಯೋದವರು ಹಿಂದೆ ಮೋಡ ಹಾಕಿ ಕೊಡ್ತೀವಿ ಅಂದರು. ನಾನು ಇಲಾಖೆ ಕೊಟ್ಟ ಸೀರೆಯಲ್ಲಿ ಅವ್ವ ನಿಂತಿರುವ ಫೋಟೋ ಹಿಡಿದು ಕುಳಿತೆ. ಪಲ್ಸ್ ಪೋಲಿಯೊ ದಿನ ಬೂತಿನ ಮುಂದೆ ಯಾರೋ ತೆಗೆದದ್ದು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ, ಆದರೆ ನೋಡಿದವರಿಗೆ ಟೀಚರಮ್ಮ ಅಂತ ತಟ್ಟನೆ ಗುರುತು ಹತ್ತುತ್ತದೆ. ಕೊನೆಗೆ ಅದೇ ಹೋಯಿತು. ಫೋಟೋ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಗಾತ್ರ ಕುಗ್ಗಿ, ಅಚ್ಚಿನಲ್ಲಿ ಮುಖ ಕಪ್ಪಗೆ ಮಸಿ ಬಳಿದ ಹಾಗೆ ಬರುತ್ತದೆ.

ಜಾಹೀರಾತಿನ ಕತೆ ಬೇರೆ. ಏಜೆಂಟರ ಹತ್ತಿರ ರೆಡಿ ನಮೂನೆಗಳಿರುತ್ತವೆ. "ದಿನಾಂಕ ಇಂಥದ್ದರಂದು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ" ಅಂತ ಶುರುವಾಗಿ "ಮೃತರ ಆತ್ಮಕ್ಕೆ ಚಿರಶಾಂತಿ ಕೋರಬೇಕಾಗಿ ವಿನಂತಿ" ಅಂತ ಮುಗಿಯುತ್ತದೆ. ಲಿಂಗಾಯತರಿಗೆ ಶಿವೈಕ್ಯ ಮತ್ತು ಶಿವಗಣಾರಾಧನೆ, ಬ್ರಾಹ್ಮಣರಿಗೆ ವೈಕುಂಠ ಸಮಾರಾಧನೆ, ನಮ್ಮ ಕಡೆಯವರಿಗೆ ಹನ್ನೊಂದನೇ ದಿನದ ತಿಥಿ. ಆ ನಮೂನೆ ಬೇಡ ಅಂತಲ್ಲ. ಊರಿನ ಹಿರಿಯರಿಗೆ ಅದು ಬೇಕು, ಅದನ್ನು ನೋಡಿದರೇನೇ ಅವರಿಗೆ ಸರಿಯಾಗಿ ತಿಳಿಸಿದ ಹಾಗೆ. ಶುರು ಮತ್ತು ಕೊನೆ ಹಾಗೆಯೇ ಬಿಟ್ಟು, ನಡುವೆ ಒಂದೇ ಒಂದು ಸಾಲು ಸೇರಿಸಿದೆ: "ಅವರ ಅಂಗನವಾಡಿಯಲ್ಲಿ ಕಲಿತ ಎಲ್ಲರೂ ತಿಥಿಗೆ ಬರಬೇಕೆಂದು ಕೋರುತ್ತೇವೆ."

ಪ್ರೂಫ್ ಮಾತ್ರ ದಯವಿಟ್ಟು ಕಣ್ಣು ಬಿಟ್ಟು ನೋಡಿ. ನಾವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎಷ್ಟೋ ಡಿಟಿಪಿಯವರು ಇನ್ನೂ ಕೆಲಸ ಮಾಡುವುದು 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ. ಪರಿವರ್ತನೆ ಮಾಡುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಎಲ್ಲಿಗೋ ಹೋಗುತ್ತದೆ. ನಮಗೆ ಬಂದ ಮೊದಲ ಪ್ರೂಫಿನಲ್ಲಿ ಅವ್ವನ ಹೆಸರಿನ ಒತ್ತೇ ಮಾಯವಾಗಿತ್ತು. ಅಣ್ಣ ಎರಡು ಸಲ ತಿದ್ದಿಸಿದ. ಹೆಸರು, ತಾರೀಖು, ವಾರ, ಛತ್ರದ ಹೆಸರು, ಫೋನ್ ನಂಬರ್, ಈ ಐದನ್ನು ಅಳುತ್ತಾ ಓದಬಾರದು. ಅಳು ಬರುತ್ತದೆ, ನನಗೂ ಬಂತು, ಅದಕ್ಕೇ ಓದುವ ಕೆಲಸ ಅಣ್ಣನಿಗೆ ಮತ್ತು ಅವನ ಆಫೀಸಿನ ಗೆಳೆಯನಿಗೆ ಕೊಟ್ಟಿದ್ದೆ. ಮಧ್ಯಾಹ್ನದೊಳಗೆ ಕೊಟ್ಟುಬಿಟ್ಟರೆ ನಾಳೆಯ ಪತ್ರಿಕೆಗೆ ಆತಂಕ ಇರುವುದಿಲ್ಲ. ಏಜೆಂಟರು ಆಸ್ಪತ್ರೆಯ ಪತ್ರವನ್ನೋ ಮರಣ ಪ್ರಮಾಣಪತ್ರವನ್ನೋ ಕೇಳುತ್ತಾರೆ, ಜೊತೆಗೆ ಹಾಕಿಸುವವರ ಗುರುತಿನ ಚೀಟಿ. ಕೇಳಲಿ ಬಿಡಿ. ಬದುಕಿರುವವರ ಹೆಸರಲ್ಲಿ ಯಾರಾದರೂ ಹಾಕಿಸಿಬಿಟ್ಟರೆ ಆಗುವ ಅನಾಹುತ ಸಣ್ಣದಲ್ಲ.

ಅಂದಹಾಗೆ ಪೇಪರಿನ ತುಣುಕು ಬ್ಯಾಂಕಿಗಾಗಲಿ ಜಮೀನಿನ ಖಾತೆಗಾಗಲಿ ನಡೆಯುವುದಿಲ್ಲ. ಮರಣ ನೋಂದಣಿ ಬೇರೆಯೇ ಆಗಬೇಕು, 1969ರ ಕಾಯ್ದೆ ಪ್ರಕಾರ 21 ದಿನದೊಳಗೆ ತಿಳಿಸಬೇಕು. ತಿಥಿ ಗಡಿಬಿಡಿಯಲ್ಲಿ ಇದನ್ನು ಮರೆತು ಆಮೇಲೆ ಕಚೇರಿ ಸುತ್ತಿದವರು ಪ್ರತಿ ಊರಿನಲ್ಲೂ ಇದ್ದಾರೆ. ಹಳ್ಳಿಯಲ್ಲಿ ಹುಟ್ಟು ಸಾವಿನ ಲೆಕ್ಕ ಇಡುತ್ತಿದ್ದವಳ ಮನೆಯಲ್ಲೇ ಅದು ತಡವಾಗಬಾರದು ಅಂತ ಅಪ್ಪ ಪಟ್ಟು ಹಿಡಿದು ಅಣ್ಣನನ್ನು ಕಳಿಸಿದರು.

ತಿಥಿಯ ದಿನ ನಮಗೆ ಗುರುತೇ ಇಲ್ಲದ ಎಷ್ಟೋ ಜನ ಬಂದರು. ಸಂಘದ ಹೆಂಗಸರು ಒಟ್ಟಾಗಿ ಬಂದರು. ಸೂಪರ್‌ವೈಸರ್ ಮೇಡಂ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ನಂಜನಗೂಡಿನಲ್ಲಿ ಬೇಕರಿ ಇಟ್ಟಿರುವ ಒಬ್ಬರು ಅಪ್ಪನ ಪಕ್ಕ ಕುಳಿತು ತುಂಬಾ ಹೊತ್ತು ಮಾತಾಡಿದರು. ಅವರು ಹುಟ್ಟಿದ್ದು ನಮ್ಮೂರಲ್ಲಿ, ಐದಾರು ವರ್ಷದವರಿದ್ದಾಗ ಮನೆಯವರೆಲ್ಲ ಊರು ಬಿಟ್ಟರಂತೆ. "ನಾನು ಮೂರನೇ ಗ್ರೇಡ್ ಇದ್ನಂತೆ ಯಜಮಾನ್ರೆ" ಅಂದರು. ಆಗೆಲ್ಲ ಅಪೌಷ್ಟಿಕತೆಯನ್ನು ಗ್ರೇಡ್ ಲೆಕ್ಕದಲ್ಲಿ ಬರೆಯುತ್ತಿದ್ದರು, ಒಂದರಿಂದ ನಾಲ್ಕು, ಮೂರು ನಾಲ್ಕು ಅಂದರೆ ಜೀವಕ್ಕೇ ಅಪಾಯ. "ನಮ್ಮವ್ವ ಈಗ್ಲೂ ಹೇಳ್ತಾಳೆ. ಟೀಚರಮ್ಮ ದಿನಾ ಸಾಯಂಕಾಲ ಮನೆಗ್ ಬಂದು ನಾನ್ ತಿಂದ್ನೋ ಇಲ್ವೋ ನೋಡ್ಕಂಡ್ ಹೋಗೋರಂತೆ. ಅಂಗ್ಡೀಲಿ ಪೇಪರ್ ನೋಡ್ದೆ, ಅಂಗನವಾಡಿ ಅಂತ ಇತ್ತು, ಫೋಟೋನ ನಮ್ಮವ್ವನಿಗೆ ತೋರಿಸ್ದೆ, ಇವ್ರೇ ಕನೋ ಅಂದ್ಲು." ಅವರ ಅವ್ವನಿಗೆ ನಡೆಯಲು ಆಗುವುದಿಲ್ಲವಂತೆ, ಅದಕ್ಕೇ ಮಗನನ್ನು ಕಳಿಸಿದ್ದಾರೆ. ಅವರು ನೋಡಿದ್ದು ಪೂರ್ತಿ ವಾರ್ತೆ ಬಂದ ಪತ್ರಿಕೆಯನ್ನು. ಇನ್ನೊಂದನ್ನು ನೋಡಿದ್ದರೆ ಅಪ್ಪನ ಹೆಸರು ಓದಿ ಪುಟ ಮಗುಚುತ್ತಿದ್ದರು, ಅವರಿಗೆ ಅಪ್ಪ ಯಾರು ಅಂತ ಏನು ಗೊತ್ತು?

ಊಟ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಅವ್ವನ ಕೇಂದ್ರದಲ್ಲಿ ಸಹಾಯಕಿಯಾಗಿದ್ದ ಆಯಮ್ಮನ ಮೊಮ್ಮಗ. ಆಯಮ್ಮ ತೀರಿಕೊಂಡಿದ್ದು ಕೊರೊನಾ ಕಾಲದಲ್ಲಿ. ಅವ್ವ ತೂಕ ಬರೆಯುವಾಗ ಮಗುವನ್ನು ತಕ್ಕಡಿಗೆ ಇಳಿಸುತ್ತಿದ್ದದ್ದು ಆಯಮ್ಮ, ಒಲೆ ಹಚ್ಚುತ್ತಿದ್ದದ್ದು ಆಯಮ್ಮ, ಬರದ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುತ್ತಿದ್ದದ್ದೂ ಆಯಮ್ಮನೇ. ಟೀಚರಿಗೆ ಸಿಗುವ ಗೌರವಧನಕ್ಕಿಂತ ಸಹಾಯಕಿಗೆ ಇನ್ನೂ ಕಮ್ಮಿ. ಅವರ ಸಾವಿನ ಸುದ್ದಿ ಎಲ್ಲೂ ಬಂದಿರಲಿಲ್ಲ, ಒಂದು ಸಾಲೂ ಇಲ್ಲ. "ಅಕ್ಕ, ನಮ್ಮಜ್ಜಿದೂ ಹಿಂಗೆ ಬರ್ಸೋಕಾಯ್ತದಾ?" ಅಂತ ಕೇಳಿದ.

ತಡವಾದರೆ ಸುದ್ದಿಯಾಗಿ ಬರುವುದಿಲ್ಲ, ಆದರೆ ಪುಣ್ಯಸ್ಮರಣೆ ಅಂತ ಜಾಹೀರಾತು ಯಾವ ವರ್ಷ ಬೇಕಾದರೂ ಹಾಕಿಸಬಹುದು. ಅವ್ವನ ಮೊದಲ ವರ್ಷದ ಪುಣ್ಯಸ್ಮರಣೆ ಮುಂದಿನ ತಿಂಗಳು ಬರುತ್ತದೆ. ಒಂದೇ ಚೌಕಟ್ಟಿನಲ್ಲಿ ಇಬ್ಬರ ಹೆಸರೂ ಹಾಕಿಸುತ್ತಿದ್ದೇವೆ, ಅಪ್ಪನೂ ಅಣ್ಣನೂ ಒಪ್ಪಿದ್ದಾರೆ. ಚಿಕ್ಕಪ್ಪ ಈ ಸಲ ತಾವೇ ಅರ್ಧ ದುಡ್ಡು ಕೊಡ್ತೀನಿ ಅಂದರು. ಆಯಮ್ಮ ಯಾವ ವರ್ಷ ಕೆಲಸಕ್ಕೆ ಸೇರಿದ್ದು ಅಂತ ತಿಳಿಯಲು ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಹುಡುಗ ಫೋಟೋ ಹುಡುಕುತ್ತಿದ್ದಾನೆ. ರೇಷನ್ ಕಾರ್ಡಿನದು ಒಂದಿದೆಯಂತೆ, ತೀರಾ ಸಣ್ಣದು. ಸಂಘದ ಹೆಂಗಸರ ಹತ್ತಿರ ಹಳೆಯ ಗುಂಪು ಫೋಟೋ ಇರಬಹುದು ಅಂತ ಭಾನುವಾರ ನಾವಿಬ್ಬರೂ ಹೋಗಿ ಕೇಳಿಕೊಂಡು ಬರುತ್ತೇವೆ.